ಹಳೆಯ ಪಿಕಪ್: ಬಿಚ್ಚಿ ಮಾರುವುದೋ, ಇಡಿಯಾಗಿ ಗುಜರಿಗೆ ಕೊಡುವುದೋ?



ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೋಗುವಾಗ ಎಡಬಲದ ಹಳ್ಳಿಗಳಲ್ಲಿ ಒಮ್ಮೆ ಇಳಿದು ನೋಡಿರಿ. ಬೇವಿನ ಮರದ ಕೆಳಗೋ ಕಣದ ಅಂಚಿನಲ್ಲೋ ದನದ ಕೊಟ್ಟಿಗೆಯ ಹಿಂದೆಯೋ ಒಂದೊಂದು ಹಳೆಯ ಪಿಕಪ್ ನಿಂತಿರುತ್ತದೆ. ಟೈರು ನೆಲಕ್ಕೆ ಕೂತಿದೆ. ಬಾನೆಟ್ಟಿನ ಮೇಲೆ ಕೋಳಿ ಮಲಗುತ್ತದೆ. ಹಿಂದಿನ ಡಾಲಾದಲ್ಲಿ ತೊಗರಿ ಕಟ್ಟಿಗೆ ತುಂಬಿಟ್ಟಿದ್ದಾರೆ. ಕೆಎ 32 ಎಂಬ ಹಳದಿ ಫಲಕ ಮಾಸಿದೆ. ಪುಸ್ತಕ ತೆಗೆದು ನೋಡಿದರೆ ಊರಿನ ಹೆಸರು ಇನ್ನೂ ಗುಲ್ಬರ್ಗಾ ಎಂದೇ ಇದೆ. ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮುಂಚಿನ ಗಾಡಿ ಎಂದಾಯಿತು.

ಈ ಗಾಡಿಗಳು ಸುಮ್ಮನೆ ಬಂದವಲ್ಲ. ಕಮಲಾಪುರದ ಕೆಂಪು ಬಾಳೆಯ ಗೊನೆ ಹೊತ್ತಿವೆ, ತೊಗರಿ ಚೀಲವನ್ನು ನೆಹರು ಗಂಜಿಗೆ ಮುಟ್ಟಿಸಿವೆ, ಶರಣಬಸವೇಶ್ವರ ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿವೆ, ರಾತ್ರಿ ಹೊತ್ತಿನಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಒಯ್ದಿವೆ. ಆದಕಾರಣ ಅದನ್ನು ಮುರಿಯಲು ಮನಸ್ಸು ಬರುವುದಿಲ್ಲ. ಮನಸ್ಸು ಬಾರದಿರುವುದು ತಪ್ಪೇನೂ ಅಲ್ಲ. ಆದರೆ ನಿಂತ ಗಾಡಿ ಸುಮ್ಮನೆ ನಿಂತಿರುವುದಿಲ್ಲ. ಪ್ರತಿ ಮಳೆಗಾಲಕ್ಕೂ ಅದರ ಬೆಲೆ ಇಳಿಯುತ್ತದೆ. ಅದರ ಮೇಲಿನ ಹೊಣೆ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಈ ವಾರ ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇವೆ. ಕಲಬುರಗಿಯ ರೋಜಾದಲ್ಲಿ, ಖ್ವಾಜಾ ಬಂದೇನವಾಜ್ ದರ್ಗಾದ ಆಸುಪಾಸಿನ ಆ ಹಳೆಯ ಬಡಾವಣೆಯಲ್ಲಿ, ಒಂದು ಸಣ್ಣ ಗ್ಯಾರೇಜಿನ ಮುಂದೆ ನಾವು ಚಹಾ ಕುಡಿಯುತ್ತ ನಿಂತಿದ್ದೆವು. ಕಮಲಾಪುರ ಕಡೆಯ ಬಾಳೆ ಬೆಳೆಗಾರರೊಬ್ಬರು ತಮ್ಮ ಪಿಕಪ್ಪನ್ನು ಬೇರೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಗುಜರಿಯವನೊಬ್ಬ ಅದರ ಸುತ್ತ ಎರಡು ಸುತ್ತು ಹಾಕಿ ಹೀಗೆಂದ:

“ಗೌಡ್ರ, ಪುಸ್ತಕ ಸಮೇತ ಕೊಡ್ರಿ, ಐದು ಸಾವಿರ ಮ್ಯಾಲ ಕೊಡ್ತೀನಿ. ಪುಸ್ತಕ ಇಲ್ಲಂದ್ರ ಬರೇ ಕಬ್ಬಿಣದ ರೇಟು.”

ರೈತರಿಗೆ ಖುಷಿಯಾಯಿತು. ಹೇಗೂ ಮನೆಯ ಟ್ರಂಕಿನಲ್ಲಿ ಬಿದ್ದಿರುವ ಪುಸ್ತಕ, ಅದಕ್ಕೂ ಐದು ಸಾವಿರ ಬರುವುದಾದರೆ ಯಾಕೆ ಬೇಡ? ಆಗ ಗ್ಯಾರೇಜಿನ ವಯಸ್ಸಾದ ಮಿಸ್ತ್ರಿ ಚಾಚಾ ಪಾನಾ ಕೆಳಗಿಟ್ಟು, “ಗೌಡ್ರ, ಸತ್ತ ಗಾಡಿಗೆ ಪುಸ್ತಕ ಯಾಕ ಬೇಕು ಅಂತ ಒಂದು ಮಾತು ಅವನಿಗೇ ಕೇಳ್ರಿ” ಎಂದರು. ಗುಜರಿಯವನು ನಕ್ಕು ಮಾತು ಬದಲಿಸಿದ.

ಆ ಪ್ರಶ್ನೆಗೆ ಉತ್ತರವನ್ನು ಮುಂದೆ ನೋಡೋಣ. ಅದಕ್ಕೆ ಮುಂಚೆ, ಗಾಡಿಯನ್ನು ಕೊಡಲೇಬೇಕೆ ಎಂಬುದು ಇತ್ಯರ್ಥವಾಗಬೇಕು.

ಹಳ್ಳಿಗಳಲ್ಲಿ ಒಂದು ಸುದ್ದಿ ಹಬ್ಬಿದೆ. ಹದಿನೈದು ವರ್ಷವಾದ ಗಾಡಿಯನ್ನು ಸರಕಾರ ಎಳೆದುಕೊಂಡು ಹೋಗುತ್ತದೆ, ಆದ್ದರಿಂದ ಬಂದಷ್ಟಕ್ಕೆ ಕೊಟ್ಟುಬಿಡಿ ಎಂದು. ಇದನ್ನು ಹಬ್ಬಿಸುವವರಲ್ಲಿ ಕೊಳ್ಳುವವರೇ ಹೆಚ್ಚು. ನಿಜಸ್ಥಿತಿ ಬೇರೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ವಾಹನಗಳ ನೋಂದಣಿ ನಿಂತದ್ದು ಸರಕಾರಿ ಇಲಾಖೆಗಳ ಗಾಡಿಗಳಿಗೆ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದೆಂಬ ಆಜ್ಞೆ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಹೊಗೆಯ ಕಾರಣದಿಂದ. ಕಲಬುರಗಿಯ ರೈತನ ಸ್ವಂತ ಪಿಕಪ್ಪಿಗೆ ಇವೆರಡೂ ಅನ್ವಯಿಸುವುದಿಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಗುಜರಿ ನೀತಿಯ ಹೆಸರಿನಲ್ಲೇ ‘ಸ್ವಯಂಪ್ರೇರಿತ’ ಎಂಬ ಮಾತಿದೆ. ಗಾಡಿ ಎಫ್.ಸಿ. ಪರೀಕ್ಷೆಯಲ್ಲಿ ಪಾಸಾಗುವವರೆಗೆ ಇಲ್ಲಿ ಬರೀ ವಯಸ್ಸಿನ ಮೇಲೆ ಅದನ್ನು ಯಾರೂ ಗುಜರಿಗೆ ದೂಡುವಂತಿಲ್ಲ.

ಆದರೆ ಆ ಎಫ್.ಸಿ. ಎಂಬುದೇ ಈಗ ಭಾರವಾಗಿದೆ. ಬಾಡಿಗೆಗೆ ನೋಂದಾಯಿಸಿದ ಹಳದಿ ಫಲಕದ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್.ಸಿ. ಆಗಬೇಕು. ಹದಿನೈದು ವರ್ಷ ಮೀರಿದ ಗಾಡಿಗಳ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿಸಲಾಯಿತು. 2025ರಲ್ಲಿ ಮತ್ತೊಮ್ಮೆ ಪರಿಷ್ಕರಿಸಲಾಯಿತು. ನಿಮ್ಮ ಗಾಡಿಯ ತೂಕಕ್ಕೂ ವಯಸ್ಸಿಗೂ ಇಂದಿನ ದರ ಎಷ್ಟೆಂದು ಆರ್.ಟಿ.ಓ. ಕಚೇರಿಯಲ್ಲೇ ಕೇಳಿರಿ, ಹೊರಗೆ ಗಿಡದ ಕೆಳಗೆ ಕೂತವರನ್ನು ಕೇಳಬೇಡಿ. ಎಫ್.ಸಿ. ಇಲ್ಲದ ಸಾರಿಗೆ ವಾಹನವನ್ನು 1988ರ ಮೋಟಾರು ವಾಹನ ಕಾಯಿದೆ ಸರಿಯಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ. ಅಂಥ ಗಾಡಿಯಲ್ಲಿ ಗಂಜಿಗೆ ಹೋಗುವಾಗ ದಾರಿಯಲ್ಲಿ ಏನಾದರೂ ಆದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳಲು ಕಾರಣ ಹುಡುಕಬೇಕಾಗಿಲ್ಲ, ನೀವೇ ಕೊಟ್ಟಂತಾಗುತ್ತದೆ.

ಆದುದರಿಂದ ಮೊದಲು ಒಂದು ಲೆಕ್ಕ ಹಾಕಿರಿ. ಹಾಳೆ ತೆಗೆದುಕೊಂಡು ಒಂದು ಕಡೆ ಎಫ್.ಸಿ. ಶುಲ್ಕ, ಅದಕ್ಕಾಗಿ ಹಾಕಬೇಕಾದ ಟೈರು, ಬ್ರೇಕ್ ಲೈನಿಂಗ್, ದೀಪ, ಹೊಳೆಯುವ ಪಟ್ಟಿ, ವೇಗ ನಿಯಂತ್ರಕ, ವಿಮೆ, ಎಂಜಿನ್ ಕೆಲಸ, ಎಲ್ಲವನ್ನೂ ಬರೆಯಿರಿ. ಇನ್ನೊಂದು ಕಡೆ ಆ ಗಾಡಿ ವರ್ಷಕ್ಕೆ ಎಷ್ಟು ದಿನ ಓಡುತ್ತದೆ ಎಂದು ಬರೆಯಿರಿ. ಬರೀ ತೊಗರಿ ಬೆಳೆಯುವವರಿಗೆ ರಾಶಿಯ ಕಾಲದ ಹತ್ತು ಹದಿನೈದು ದಿನ ಬಿಟ್ಟರೆ ಗಾಡಿಯ ಕೆಲಸ ಕಡಿಮೆ. ಅವರು ಆ ದಿನಗಳಿಗೆ ಬಾಡಿಗೆ ಗಾಡಿ ಹಿಡಿಯುವುದೇ ಲಾಭ. ಬಾಳೆ, ತರಕಾರಿ, ಹಾಲು ಇದ್ದವರ ಮಾತು ಬೇರೆ. ವಾರಕ್ಕೆ ಎರಡು ಮೂರು ಸಲ ಪೇಟೆಗೆ ಹೋಗಬೇಕಾದವರು ಗಾಡಿಯಿಲ್ಲದೆ ಬದುಕಲಾರರು. ಅಂಥವರ ಗಾಡಿಯಲ್ಲಿ ಇನ್ನೂ ಜೀವ ಇದ್ದರೆ ಒಂದೆರಡು ವರ್ಷ ಎಳೆಯಲಿ.

ಜೀವ ಇದೆಯೇ ಎಂದು ತಿಳಿಯುವುದು ಹೇಗೆ? ಬಹಳ ಜನ ಎಂಜಿನ್ ನೋಡುತ್ತಾರೆ. ನಮ್ಮ ಮಟ್ಟಿಗೆ ಚಾಸಿಯನ್ನು ನೋಡಬೇಕು. ಎಂಜಿನ್ನಿಗೆ ಪಿಸ್ಟನ್, ರಿಂಗು ಹಾಕಿ ಮತ್ತೆ ಎಬ್ಬಿಸಬಹುದು. ಚಾಸಿಯ ಪಟ್ಟಿ ತುಕ್ಕು ತಿಂದು ಟೊಳ್ಳಾದರೆ ಯಾವ ವೆಲ್ಡಿಂಗೂ ಬಹಳ ದಿನ ಬಾಳುವುದಿಲ್ಲ. ಕೆಳಗೆ ಬಗ್ಗಿ, ಹಿಂದಿನ ಸ್ಪ್ರಿಂಗಿನ ಕೊಂಡಿ ಕೂಡುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಗಟ್ಟಿ ಲೋಹದ ಸದ್ದು ಬಂದರೆ ಸರಿ. ಮಂಕಾದ ಸದ್ದು ಬಂದು ಕೆಂಪು ಹೊಟ್ಟು ಉದುರಿದರೆ ಆ ಗಾಡಿಯ ಮೇಲೆ ಇನ್ನು ರೊಕ್ಕ ಹಾಕಬೇಡಿ. ಗೊಬ್ಬರ, ಉಪ್ಪು, ಬೆಲ್ಲ ಹೊತ್ತ ಗಾಡಿಗಳ ಚಾಸಿ ಬೇಗ ಹೋಗುತ್ತದೆ. ಯೂರಿಯಾ ಚೀಲ ಹರಿದು ಡಾಲಾದಲ್ಲಿ ಚೆಲ್ಲಿದ್ದನ್ನು ತೊಳೆಯದೆ ಬಿಟ್ಟವರೇ ಅದಕ್ಕೆ ಹೊಣೆ. ಅದನ್ನು ಬರೆಯುವ ನಾವೂ ಆ ಪೈಕಿಯವರೇ ಎಂದು ಒಪ್ಪಿಕೊಳ್ಳುತ್ತೇವೆ.

ಇನ್ನು ಕೊಡುವುದೆಂದು ನಿಶ್ಚಯವಾಯಿತೆನ್ನಿ. ಬಿಚ್ಚಿ ಮಾರುವುದೋ, ಇಡಿಯಾಗಿ ಕೊಡುವುದೋ?

ಬಿಚ್ಚಿ ಮಾರಿದರೆ ಹೆಚ್ಚು ಬರುತ್ತದೆ ಎಂಬುದು ಕಾಗದದ ಮೇಲೆ ನಿಜ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟಾರ್ಟರ್, ಡೈನಮೋ, ರೇಡಿಯೇಟರ್, ಡೀಸೆಲ್ ಪಂಪು, ಬಾಗಿಲು, ಗಾಜು, ಹೀಗೆ ಒಂದೊಂದಕ್ಕೂ ಗಿರಾಕಿ ಇದ್ದಾನೆ. ಆದರೆ ಆ ಗಿರಾಕಿ ನಿಮ್ಮ ಹೊಲಕ್ಕೆ ಬರುವುದಿಲ್ಲ. ಸ್ಟಾರ್ಟರ್ ಬೇಕಾದವನು ಈ ತಿಂಗಳು ಬಂದರೆ ಬಾಗಿಲು ಬೇಕಾದವನು ಮುಂದಿನ ವರ್ಷ ಬರುತ್ತಾನೆ. ಅಲ್ಲಿಯವರೆಗೆ ಅರ್ಧ ಬಿಚ್ಚಿದ ಗಾಡಿ ಅಂಗಳದಲ್ಲಿ ಬಿದ್ದಿರುತ್ತದೆ. ಬೋಲ್ಟು ಮಕ್ಕಳ ಕೈ ಸೇರುತ್ತದೆ, ಸೀಟು ಇಲಿಯ ಪಾಲಾಗುತ್ತದೆ. ಮೊದಲು ಬೆಲೆಯ ನಾಲ್ಕು ಸಾಮಾನು ಹೋದ ಮೇಲೆ ಉಳಿದ ಅಸ್ಥಿಪಂಜರಕ್ಕೆ ಗುಜರಿಯವನೂ ಮೂಗು ಮುರಿಯುತ್ತಾನೆ. ಗ್ಯಾರೇಜಿನವನಿಗೆ ಬಿಚ್ಚುವ ಧಂದೆ ಲಾಭ, ಏಕೆಂದರೆ ಅವನಲ್ಲಿ ಜಾಗ, ಹತಾರ, ದಿನಾ ಬರುವ ಗಿರಾಕಿ ಮೂರೂ ಇವೆ. ರೈತನಲ್ಲಿ ಜಾಗ ಒಂದೇ ಇದೆ.

ಬಿಚ್ಚುವ ಕೆಲಸದಲ್ಲಿ ಜೀವಾಪಾಯವೂ ಉಂಟು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದೂ ತೂರಬೇಡಿ, ದಪ್ಪ ಮರದ ದಿಮ್ಮಿ ಕೊಟ್ಟೇ ಕೆಲಸ ಮಾಡಿರಿ. ಡೀಸೆಲ್ ಟ್ಯಾಂಕು ಖಾಲಿಯಾಗಿದೆಯಲ್ಲ ಎಂದು ಗ್ಯಾಸ್ ಕಟರ್ ಹಿಡಿಯಬೇಡಿ. ಬೆಂಕಿ ಹತ್ತುವುದು ಒಳಗಿನ ಆವಿಗೆ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಸಿಡಿಯುವ ಸಂಭವ ಹೆಚ್ಚು. ಎಂಜಿನ್ ಆಯಿಲನ್ನು ಬಾವಿ, ಬೋರ್‌ವೆಲ್ ಹತ್ತಿರ ಚೆಲ್ಲಬೇಡಿ. ಒಮ್ಮೆ ಕುಡಿಯುವ ನೀರಿಗೆ ಆ ವಾಸನೆ ಹತ್ತಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಬ್ಯಾಟರಿಯೊಳಗೆ ಇರುವುದು ಗಂಧಕಾಮ್ಲ ಮತ್ತು ಸೀಸ. ಅದನ್ನು ಒಡೆಯದೆ ಬ್ಯಾಟರಿ ಅಂಗಡಿಗೆ ಇಡಿಯಾಗಿ ಕೊಟ್ಟು ರೊಕ್ಕ ಪಡೆಯಿರಿ.

ಹಾಗಾದರೆ ಏನನ್ನೂ ಇಟ್ಟುಕೊಳ್ಳಬಾರದೇ? ಇಟ್ಟುಕೊಳ್ಳಬೇಕಾದದ್ದು ಒಂದಿದೆ. ಪಾಟಾ. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಆ ಬಾಗಿದ ಸ್ಪ್ರಿಂಗ್ ಪಟ್ಟಿಗಳನ್ನು ಗುಜರಿಯವನು ಕಬ್ಬಿಣದ ತೂಕಕ್ಕೇ ತೂಗುತ್ತಾನೆ. ಆದರೆ ಅದು ಮಾಮೂಲಿ ಕಬ್ಬಿಣವಲ್ಲ, ಸ್ಪ್ರಿಂಗ್ ಉಕ್ಕು. ಇಂಗಾಲದ ಪ್ರಮಾಣ ಹೆಚ್ಚಿರುವ ಕಾರಣ ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದವರಿತು ನೀರು ಕುಡಿಸಿದರೆ ಅಂಚು ನಿಲ್ಲುತ್ತದೆ. ಡಾಲಾದ ತಗಡಿಗೋ ಚಾಸಿಯ ಪಟ್ಟಿಗೋ ಎಷ್ಟು ನೀರು ಕುಡಿಸಿದರೂ ಆ ಗುಣ ಬರುವುದಿಲ್ಲ, ಅವು ಮೆದು ಕಬ್ಬಿಣ. ನಮ್ಮ ಎರೆ ಭೂಮಿಯಲ್ಲಿ ಕುಂಟೆಯ ಕುಡ ಎಷ್ಟು ಬೇಗ ಸವೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಕುಡ, ಕುಡಗೋಲು, ಕೊಡಲಿ, ಬಾಳೆಯ ಕಂದು ಕೀಳುವ ಹಾರೆಯ ಬಾಯಿ, ಇಷ್ಟೂ ಒಂದು ಗಾಡಿಯ ಪಾಟಾದಲ್ಲಿ ಹುಟ್ಟುತ್ತವೆ. ಊರಿನ ಕಂಬಾರ ಇನ್ನೂ ಕುಲುಮೆ ಆರಿಸಿಲ್ಲವಾದರೆ ಮೊದಲು ಅವನನ್ನು ಕರೆದು ತೋರಿಸಿರಿ. ಯಾವ ಪಟ್ಟಿಯಲ್ಲಿ ಸೀಳು ಬಿಟ್ಟಿದೆ, ಯಾವುದು ಗಟ್ಟಿ ಇದೆ ಎಂದು ಅವನೇ ಆರಿಸಿಕೊಡುತ್ತಾನೆ. ಬಿಚ್ಚುವ ಕೆಲಸ ಮಾತ್ರ ಮಿಸ್ತ್ರಿಯ ಕೈಯಲ್ಲೇ ಆಗಲಿ. ಒತ್ತಡದಲ್ಲಿರುವ ಪಾಟಾ ಸಿಡಿದರೆ ಕೈ ಕಾಲು ಉಳಿಯುವುದಿಲ್ಲ.

ಇದಲ್ಲದೆ ಹೊಸದಾಗಿ ಹಾಕಿಸಿದ ಟೈರು, ತಾಡಪತ್ರಿಯ ಕಮಾನು, ಮೇಲಿನ ಕ್ಯಾರಿಯರ್, ಹಗ್ಗ ಕಟ್ಟುವ ಕೊಂಡಿ ಇವು ಮುಂದಿನ ಗಾಡಿಗೋ ಟ್ರಾಲಿಗೋ ಬರುತ್ತವಾದರೆ ಇಟ್ಟುಕೊಳ್ಳಿ. ಎಂಜಿನ್ ಮತ್ತು ಚಾಸಿಯ ಮಾತು ಬೇರೆ. ಆ ಎರಡರ ನಂಬರುಗಳೂ ಪುಸ್ತಕದಲ್ಲಿ ನಿಮ್ಮ ಹೆಸರಿನ ಕೆಳಗೆ ಇವೆ. ಆರ್.ಟಿ.ಓ. ಕಚೇರಿಗೆ ತಿಳಿಸದೆ ಅವನ್ನು ಬಿಡಿಯಾಗಿ ಮಾರಬೇಡಿ. ಹಳೆಯ ಚಾಸಿಯನ್ನು ಕತ್ತರಿಸಿ ಟ್ರಾಲಿ ಮಾಡಿಸಿಕೊಂಡವರನ್ನು ನೋಡಿದ್ದೇವೆ. ಹೊಲದೊಳಗೆ ಅದು ನಡೆದೀತು, ರಸ್ತೆಗೆ ಬಂದರೆ ನೋಂದಣಿ ಇಲ್ಲದ ವಾಹನವೇ ಆಗುತ್ತದೆ.

ಈಗ ಗುಜರಿಯವನು ಪುಸ್ತಕಕ್ಕೆ ಐದು ಸಾವಿರ ಯಾಕೆ ಕೊಡುತ್ತೇನೆಂದ ಎಂಬ ಪ್ರಶ್ನೆಗೆ ಬರೋಣ.

ಗಾಡಿಯನ್ನು ಕತ್ತರಿಸಿ ಕರಗಿಸುವುದೇ ಉದ್ದೇಶವಾಗಿದ್ದರೆ ಪುಸ್ತಕದಿಂದ ಅವನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಪುಸ್ತಕಕ್ಕೆ ಬೆಲೆ ಕಟ್ಟುವವನಿಗೆ ಬೇರೆ ಗಾಡಿ ಇರುತ್ತದೆ. ಎಲ್ಲೋ ಕದ್ದ ಗಾಡಿಯ ಚಾಸಿ ನಂಬರನ್ನು ಉಜ್ಜಿ, ನಿಮ್ಮ ಗಾಡಿಯ ನಂಬರನ್ನು ಹೊಡೆದು, ನಿಮ್ಮ ಪುಸ್ತಕ ಇಟ್ಟುಕೊಂಡು ಓಡಿಸುವುದು ಈ ದೇಶದಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿದಿರುವ ಹಳೆಯ ಮೋಸ. ಎಲ್ಲ ಗುಜರಿ ವ್ಯಾಪಾರಿಗಳೂ ಹೀಗೆ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಬಹುಪಾಲು ಜನ ಬೆವರು ಸುರಿಸಿ ದುಡಿಯುವವರೇ. ಕೆಲವರು ಆ ಗಾಡಿಯನ್ನೇ ಮತ್ತೆ ಎಬ್ಬಿಸಿ, ಇಟ್ಟಿಗೆ ಭಟ್ಟಿಗೋ ಮರಳು ಹೊಡೆಯಲೋ ಮಾರುತ್ತಾರೆ. ಅದು ಕಳ್ಳತನವಲ್ಲ. ಆದರೂ ಹೊಣೆ ನಿಮ್ಮದೇ.

ಹೇಗೆಂದರೆ, ಉತ್ತರ ಭಾರತದಲ್ಲಿ 2009ರಲ್ಲಿ ಒಂದು ಕಾರು ಅಪಘಾತ ಮಾಡಿತು. ಅಷ್ಟರಲ್ಲಿ ಆ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿ ಹೋಗಿತ್ತು. ಪುಸ್ತಕದಲ್ಲಿ ಹೆಸರು ಮಾತ್ರ ಮೊದಲು ಮಾರಿದವರದೇ ಉಳಿದಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಫೆಬ್ರುವರಿಯಲ್ಲಿ ಬಂದ ತೀರ್ಪಿನ ತಿರುಳು ಇಷ್ಟು: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾಯಿದೆಯ ದೃಷ್ಟಿಯಲ್ಲಿ ಮಾಲೀಕರು, ಪರಿಹಾರ ಕೊಡಬೇಕಾದವರೂ ಅವರೇ. ಮಾರಿದೆ, ರೊಕ್ಕ ತೆಗೆದುಕೊಂಡೆ, ಗಾಡಿಯ ಮುಖ ನೋಡಿ ಎರಡು ವರ್ಷವಾಯಿತು ಎಂಬ ಮಾತು ನಡೆಯಲಿಲ್ಲ. ಕಾರಿನ ಮಾಲೀಕನಿಗೆ ಆದದ್ದು ಪಿಕಪ್ಪಿನ ಮಾಲೀಕನಿಗೆ ಆಗುವುದಿಲ್ಲವೆಂದು ತಿಳಿಯಬೇಡಿ. ಅಪಘಾತದಲ್ಲಿ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರ ಲಕ್ಷಗಳಲ್ಲಿ ಇರುತ್ತದೆ. ಐದು ಸಾವಿರದ ಆಸೆಗೆ ಎರಡೆಕರೆ ಹೊಲ ಅಡವಿಡುವ ಸ್ಥಿತಿ ಬರಬಹುದು.

ತೆರಿಗೆಯ ಮಾತೂ ಇದೆ. ನೋಂದಣಿ ಪತ್ರ ಚಾಲ್ತಿಯಲ್ಲಿರುವ ತನಕ ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂದೇ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಅಧಿನಿಯಮ ಭಾವಿಸುತ್ತದೆ. ಬೇವಿನ ಮರದ ಕೆಳಗಿನ ಗಾಡಿಯಲ್ಲಿ ಗುಬ್ಬಿ ಗೂಡು ಕಟ್ಟಿರುವುದು ಕಚೇರಿಯ ಕಾಗದಕ್ಕೆ ಗೊತ್ತಿಲ್ಲ. ಆಜೀವ ತೆರಿಗೆ ಕಟ್ಟದ ಗಾಡಿಯಾದರೆ ಬಾಕಿ ಎಷ್ಟಿದೆ ಎಂದು ಕೇಳಿಕೊಂಡು ಬನ್ನಿ. ಕೇಳಲು ಹೆದರಿ ಮುಂದೂಡಿದಷ್ಟೂ ಅದು ಬೆಳೆಯುತ್ತದೆ.

ಆದ್ದರಿಂದ ಪುಸ್ತಕವನ್ನು ಮಾರಬೇಡಿ, ರದ್ದು ಮಾಡಿಸಿ. ಗಾಡಿ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ ಹದಿನಾಲ್ಕು ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ನೋಂದಣಿ ಕಚೇರಿಗೆ ತಿಳಿಸಿ ಪುಸ್ತಕವನ್ನು ಒಪ್ಪಿಸಬೇಕೆಂದು 1988ರ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಇದು ಮಾಲೀಕನ ಕರ್ತವ್ಯ, ಗುಜರಿಯವನದಲ್ಲ. “ಅದೆಲ್ಲಾ ನಾವು ಮಾಡಿಸ್ತೀವ್ರಿ” ಎಂದು ಯಾರೇ ಹೇಳಿದರೂ ರದ್ದಾದ ಕಾಗದ ನಿಮ್ಮ ಕೈಗೆ ಬಂದ ಮೇಲೆಯೇ ನಂಬಿರಿ. ಗಾಡಿಯನ್ನು ಸಾಲದಲ್ಲಿ ಕೊಂಡಿದ್ದರೆ ಕಂತು ತೀರಿದ ಮಾತ್ರಕ್ಕೆ ಬ್ಯಾಂಕಿನ ಹೆಸರು ಪುಸ್ತಕದಿಂದ ತಾನಾಗಿ ಅಳಿದುಹೋಗುವುದಿಲ್ಲ. ಬ್ಯಾಂಕಿನ ಸಹಿಯುಳ್ಳ 35ನೆಯ ನಮೂನೆ ಕೊಟ್ಟು ಅಳಿಸಬೇಕು. ಹತ್ತು ವರ್ಷದ ಹಿಂದೆ ತೀರಿದ ಸಾಲವಾದರೆ ಆ ಶಾಖೆಯೇ ಬೇರೆ ಬ್ಯಾಂಕಿನಲ್ಲಿ ಸೇರಿಹೋಗಿರಬಹುದು. ಈ ಓಡಾಟಕ್ಕೆ ಒಂದು ತಿಂಗಳು ಹಿಡಿಯಿರಿ. ಗಾಡಿ ತಂದೆಯವರ ಹೆಸರಿನಲ್ಲಿದ್ದು ಅವರು ತೀರಿಹೋಗಿದ್ದರೆ ಮರಣ ಪತ್ರ, ವಾರಸುದಾರರ ಕಾಗದ ಬೇಕಾಗುತ್ತವೆ. ಇದನ್ನು ಅಣ್ಣತಮ್ಮಂದಿರು ಕೂತು ಮಾತಾಡಿ ಮೊದಲೇ ಮುಗಿಸಿಕೊಳ್ಳಿ. ಹೊಲ ಹಂಚಿಕೆಯಾದ ಎಷ್ಟೋ ಮನೆಗಳಲ್ಲಿ ಗಾಡಿಯೊಂದು ಹಂಚಿಕೆಯಾಗದೆ ಉಳಿದು ತುಕ್ಕು ತಿನ್ನುತ್ತಿದೆ.

ಇಡಿಯಾಗಿ ಕೊಡುವುದು ಎಲ್ಲಿಗೆ? 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ನೋಂದಾಯಿತ ವಾಹನ ಗುಜರಿ ಕೇಂದ್ರಗಳ ನಿಯಮ ಹೊರಡಿಸಿತು. ಆ ಕೇಂದ್ರದವರು ಗಾಡಿಯನ್ನು ಪಡೆದು, ಅದು ಕಳವಿನದಲ್ಲವೆಂದು ಪರಿಶೀಲಿಸಿ, ನಿಮಗೆ ಠೇವಣಿ ಪ್ರಮಾಣಪತ್ರ ಎಂಬ ಕಾಗದ ಕೊಡುತ್ತಾರೆ. ಮುಂದೆ ಹೊಸ ಗಾಡಿ ಕೊಳ್ಳುವಾಗ ಈ ಕಾಗದ ತೋರಿಸಿದರೆ ನೋಂದಣಿ ಶುಲ್ಕ ಮಾಫಿ ಇದೆ. ತೆರಿಗೆಯಲ್ಲಿ ಬಾಡಿಗೆ ವಾಹನಕ್ಕೆ ಶೇಕಡಾ 15ರವರೆಗೆ, ಸ್ವಂತ ವಾಹನಕ್ಕೆ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಮಾಡಿದೆ. ನೀವು ಹೊಸ ಗಾಡಿ ಕೊಳ್ಳದಿದ್ದರೆ ಕೊಳ್ಳುವವರಿಗೆ ಆ ಪತ್ರವನ್ನು ವರ್ಗಾಯಿಸಲೂ ಬರುತ್ತದೆ. ಆದರೆ ಅದಕ್ಕೆ ಅವಧಿ ಇದೆ, ಟ್ರಂಕಿನಲ್ಲಿಟ್ಟು ಮರೆಯಬಾರದು. 2025ರ ಏಪ್ರಿಲ್ 1ರಿಂದ ಜಾರಿಯಾದ ಇನ್ನೊಂದು ನಿಯಮದಂತೆ ಆಯುಸ್ಸು ಮುಗಿದ ವಾಹನವನ್ನು 180 ದಿನಗಳೊಳಗೆ ಇಂಥ ಕೇಂದ್ರಕ್ಕೋ ಗೊತ್ತುಪಡಿಸಿದ ಸಂಗ್ರಹ ಸ್ಥಳಕ್ಕೋ ಒಪ್ಪಿಸುವುದು ಮಾಲೀಕನ ಹೊಣೆ. ಕೃಷಿ ಟ್ರ್ಯಾಕ್ಟರು, ಅದರ ಟ್ರಾಲಿ, ಪವರ್ ಟಿಲ್ಲರು, ರಾಶಿ ಯಂತ್ರ ಇವನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಪಿಕಪ್ಪನ್ನು ಹೊರಗಿಟ್ಟಿಲ್ಲ.

ಬೆಲೆ ಎಷ್ಟು ಸಿಕ್ಕೀತು? ನೀತಿ ಪ್ರಕಟಿಸುವಾಗ ಕೇಂದ್ರದ ಸಾರಿಗೆ ಸಚಿವಾಲಯ ಹೇಳಿದ್ದು, ಗುಜರಿ ಮೌಲ್ಯ ಹೊಸ ಗಾಡಿಯ ಷೋರೂಮ್ ಬೆಲೆಯ ಶೇಕಡಾ 4ರಿಂದ 6ರಷ್ಟು ಎಂದು. ಹೊಸದಕ್ಕೆ 9 ಲಕ್ಷವೆಂದು ಹಿಡಿದರೆ 36 ಸಾವಿರದಿಂದ 54 ಸಾವಿರ. ಇದನ್ನು ಊರಿನ ಗುಜರಿ ಲೆಕ್ಕದೊಂದಿಗೆ ಹೋಲಿಸಿ ನೋಡಿರಿ. ಒಂದೂವರೆ ಟನ್ನಿನ ಗಾಡಿ, ಕಿಲೋಗೆ 25 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 37,500 ರೂಪಾಯಿ. ಎಲ್ಲಿ ಕೊಟ್ಟರೂ ಅಂದಾಜಿನ ಮೇಲೆ ಕೊಡಬೇಡಿ. ವೇಬ್ರಿಜ್ಜಿನ ಮೇಲೆ ತೂಗಿಸಿ ಚೀಟಿ ಪಡೆಯಿರಿ. ನೂರು ಕಿಲೋ ಕಡಿಮೆ ಹಿಡಿದರೆ ಎರಡೂವರೆ ಸಾವಿರ ಹೋಯಿತು. ತೊಗರಿ ಮಾರುವಾಗ ಒಂದು ಕಿಲೋಗೆ ಜಗಳ ತೆಗೆಯುವ ನಾವು ಕಬ್ಬಿಣ ಮಾರುವಾಗ ಯಾಕೋ ಕಣ್ಣು ಮುಚ್ಚುತ್ತೇವೆ.

ಕೇಂದ್ರದವರಿಗೆ ಫೋನು ಮಾಡಿದಾಗ ಎರಡು ಮಾತು ಕೇಳಿರಿ. ಊರಿನಿಂದ ಗಾಡಿ ಒಯ್ಯುವ ಖರ್ಚು ಯಾರದು? ಪಾಟಾ, ಟೈರು ತೆಗೆದಿಟ್ಟುಕೊಂಡರೆ ಎಷ್ಟು ಕಡಿಮೆ ಮಾಡುತ್ತೀರಿ? ಮೊದಲು ಬಿಚ್ಚಿ ಆಮೇಲೆ ಕೇಳಿದರೆ ಚೌಕಾಸಿ ಅವರ ಕೈಗೆ ಹೋಗುತ್ತದೆ. ಕೇಂದ್ರಗಳ ಪಟ್ಟಿ ಸರಕಾರದ ಪರಿವಾಹನ್ ಜಾಲತಾಣದಲ್ಲಿದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಐದು ನಿಮಿಷದಲ್ಲಿ ತೆಗೆದು ತೋರಿಸುತ್ತಾರೆ.

ಇಲ್ಲಿ ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ನಿಯಮ ಮಾಡುವುದು ಸುಲಭ. ಗಾಲಿ ತಿರುಗದ ಗಾಡಿಯನ್ನು ದೂರದ ಕೇಂದ್ರಕ್ಕೆ ಸಾಗಿಸುವ ಖರ್ಚೇ ಅದರ ಬೆಲೆಯ ದೊಡ್ಡ ಪಾಲನ್ನು ನುಂಗಿದರೆ, ರೈತ ಬಾಗಿಲಿಗೆ ಬಂದ ಗುಜರಿಯವನಿಗೇ ಕೊಡುತ್ತಾನೆ. ಅವನನ್ನು ದೂರಿ ಫಲವಿಲ್ಲ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ವರ್ಷಕ್ಕೆ ಎರಡು ಸಲ, ತೊಗರಿ ರಾಶಿ ಮುಗಿದ ಮೇಲೊಮ್ಮೆ ಮತ್ತು ಮುಂಗಾರಿಗೆ ಮುಂಚೆ ಒಮ್ಮೆ, ತಾಲ್ಲೂಕಿನ ಒಂದು ಬಯಲಿನಲ್ಲಿ ನೋಂದಾಯಿತ ಕೇಂದ್ರದವರನ್ನೂ ಆರ್.ಟಿ.ಓ. ಸಿಬ್ಬಂದಿಯನ್ನೂ ಒಟ್ಟಿಗೆ ಕೂಡಿಸಿದರೆ ಸಾಕು. ಒಂದು ಮೇಜಿನಲ್ಲಿ ತೂಕದ ಚೀಟಿ, ಪಕ್ಕದ ಮೇಜಿನಲ್ಲಿ ರದ್ದತಿ ಅರ್ಜಿ, ಮೂರನೆಯದರಲ್ಲಿ ತೆರಿಗೆ ಬಾಕಿಯ ಲೆಕ್ಕ. ಪಿಂಚಣಿಗೆ, ಪಹಣಿಗೆ ಅದಾಲತ್ ನಡೆಸುವ ಆಡಳಿತಕ್ಕೆ ಇದು ದೊಡ್ಡ ಕೆಲಸವಲ್ಲ. ಹಳೆಯ ಬಾಕಿಯ ದಂಡದಲ್ಲಿ ರಿಯಾಯಿತಿ ಕೊಟ್ಟರಂತೂ ಮರದ ಕೆಳಗಿನ ಅರ್ಧ ಗಾಡಿಗಳು ತಾವಾಗಿ ಹೊರಬರುತ್ತವೆ. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ನಿಮ್ಮೂರಿನಲ್ಲಿ ಇಂಥ ಗಾಡಿ ಎಷ್ಟಿವೆ ಎಂದು ಎಣಿಸಿ, ಠರಾವು ಮಾಡಿ ಕಳಿಸಿರಿ. ಸಂಖ್ಯೆ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಅಲ್ಲಿಯವರೆಗೆ ಊರಿನ ಗುಜರಿಗೇ ಕೊಡುವ ಪ್ರಸಂಗ ಬಂದರೆ ಕಡೇ ಪಕ್ಷ ಇಷ್ಟು ಮಾಡಿರಿ. ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ ರದ್ದತಿಗೆ ಏನೇನು ಬೇಕೆಂದು ಬರೆಸಿಕೊಂಡು ಬನ್ನಿ. ಗಾಡಿ ಕತ್ತರಿಸುವಾಗ ಖುದ್ದಾಗಿ ನಿಂತು ಚಾಸಿ ನಂಬರು ಇರುವ ತುಂಡನ್ನು ಕತ್ತರಿಸಿ ಪಡೆಯಿರಿ, ಆ ತುಂಡು ಬೇರೆಯವರ ಕೈಗೆ ಹೋಗಬಾರದು. ನಂಬರ್ ಫಲಕಗಳನ್ನು ಬಿಚ್ಚಿ ತನ್ನಿ. ಕೊಂಡವನ ಹೆಸರು, ವಿಳಾಸ, ತಾರೀಖು, ಎಂಜಿನ್ ನಂಬರು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ ಚೀಟಿ ಇರಲಿ. ಗಾಡಿಯ ಫೋಟೋ ನಾಲ್ಕು ಕಡೆಯಿಂದ ತೆಗೆದಿಟ್ಟುಕೊಳ್ಳಿ. ನೀವು ನಿಯಮ ಪೂರ್ತಿ ಪಾಲಿಸಿದಂತೆ ಆಗುವುದಿಲ್ಲ, ಆದರೆ ನಾಳೆ ಪೊಲೀಸ್ ಠಾಣೆಯಿಂದ ಕರೆ ಬಂದರೆ ಕೈಯಲ್ಲಿ ಕಾಗದವಾದರೂ ಇರುತ್ತದೆ.

ರೋಜಾದಲ್ಲಿ ಕಂಡ ಆ ಬಾಳೆ ಬೆಳೆಗಾರರು ಅಂದು ಗಾಡಿ ಕೊಡಲಿಲ್ಲ. ಮಿಸ್ತ್ರಿ ಚಾಚಾ ಅವರ ಗಾಡಿಯ ಕೆಳಗೆ ಬಗ್ಗಿ, ಸುತ್ತಿಗೆ ತಟ್ಟಿ, “ಚಾಸಿ ಹೋಗ್ಯದ ಗೌಡ್ರ, ಎಂಜಿನ್ ಮ್ಯಾಲ ರೊಕ್ಕ ಹಾಕಬ್ಯಾಡ್ರಿ” ಎಂದರು. ತಪಾಸಣೆಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾದ ದುಡ್ಡೂ ಕೊಡಗೊಡಲಿಲ್ಲ. ಗಾಡಿ ಅವರ ಗ್ಯಾರೇಜಿನ ಗೋಡೆಯ ಪಕ್ಕದಲ್ಲೇ ಉಳಿಯಿತು. ಮೊನ್ನೆ ನಾವು ಆ ದಾರಿಯಲ್ಲಿ ಹೋದಾಗ ಹಿಂದಿನ ಎರಡು ಪಾಟಾ ಬಿಚ್ಚಿ, ಗೋಣಿಚೀಲ ಸುತ್ತಿ, ಕಮಲಾಪುರದ ಬಸ್ಸಿಗೆ ಹಾಕಲು ಇಟ್ಟಿದ್ದರು. ಬ್ಯಾಂಕಿನಿಂದ 35ನೆಯ ನಮೂನೆ ಬರುವುದೊಂದು ಬಾಕಿ ಇದೆಯಂತೆ.